ದಿಮಿತ್ರಿಸ್ ಅನ್ನೋ ಹೆಸರು ದೇವಿದಾ, ಸಂತಂದಾ?

ಗಿರಿಗಿಟ್ಲೆ: ಸ್ಟುಟ್‌ಗಾರ್ಟ್‌ನಲ್ಲಿ ನಮ್ ಟೀಮಲ್ಲಿ ಇಬ್ರು ಗ್ರೀಕರಿದಾರೆ, ಇಬ್ರ ಹೆಸರೂ ದಿಮಿತ್ರಿಸ್. ಅಕ್ಟೋಬರ್ 26ಕ್ಕೆ ಇಬ್ರೂ ಸ್ವೀಟ್ ತಂದ್ರು, ಬರ್ತ್‌ಡೇನಾ ಅಂದ್ರೆ ಅಲ್ವಂತೆ, ಅವ್ರ ಹೆಸರಿನ ಸಂತನ ದಿನವಂತೆ. ಗೂಗಲ್ ಮಾಡಿದ್ರೆ ಹೆಸರಿನ ಅರ್ಥ ‘ದಿಮೀಟರ್ ದೇವಿಗೆ ಸೇರಿದೋನು’ ಅಂತಿದೆ. ದಿಮೀಟರ್ ಅಂದ್ರೆ ಹಳೇ ಗ್ರೀಕರ ಬೆಳೆ ದೇವತೆ. ಕ್ರೈಸ್ತ ಸಂತನಿಗೆ ಆಕೆ ಹೆಸರು ಹೆಂಗ್ರೀ ಬಂತು? ಚರ್ಚ್‌ನೋರು ಸುಮ್ನೆ ಬಿಟ್ರಾ?

ವೇದಮೂಲ_77: ಇದ್ರಲ್ಲಿ ತಲೆ ಕೆಡಿಸ್ಕೊಳೋದೇನಿದೆ, ಅದು ನಮ್ಮ ಸಂಸ್ಕೃತದ ‘ಮಿತ್ರ’ನೇ. ಎಲ್ಲಾ ಇಲ್ಲಿಂದ್ಲೇ ಹೋಗಿದ್ದು.

ಹಳೇಬೇರು: ಸಾರ್, ಮಿತ್ರನ್ನ ಇಲ್ಲಿಗೆ ಎಳೀಬೇಡಿ. ದೇ-ಮೀತೇರ್, ‘ಮೀತೇರ್’ ಅಂದ್ರೆ ತಾಯಿ, ನಮ್ಮ ಮಾತೃವಿನ ದಾಯಾದಿ ಬೇಕಾದ್ರೆ ಅನ್ನಿ. ‘ದೇ’ ಅಂದ್ರೆ ಭೂಮಿ ಅಂತ ಕೆಲವ್ರು, ಬಾರ್ಲಿ ಅಂತ ಕೆಲವ್ರು, ಅದಿನ್ನೂ ತೀರ್ಮಾನ ಆಗಿಲ್ಲ. ಗಿರಿಗಿಟ್ಲೆ, ಈ ಹೆಸರು ಕ್ರೈಸ್ತ ಧರ್ಮಕ್ಕಿಂತ ಎಷ್ಟೋ ಹಳೇದು. ಮೆಸಿಡೋನಿಯಾದಲ್ಲೊಬ್ಬ ದಿಮಿತ್ರಿಯೋಸ್ (ದಿಮಿತ್ರಿಸ್‌ನ ಹಳೇ ರೂಪ) ಇದ್ದ, ಬಿರುದೇ ‘ಊರು ಮುತ್ತೋನು’ ಅಂತ, ಕ್ರಿ.ಪೂ. 305ರಲ್ಲಿ ರೋಡ್ಸ್ ದ್ವೀಪಕ್ಕೆ ಮುತ್ತಿಗೆ ಹಾಕಿ ಹತ್ತಿರತ್ರ ಒಂದು ವರ್ಷ ಕೂತ, ಗೆಲ್ಲಕ್ಕಾಗ್ದೆ ಯಂತ್ರಗಳನ್ನೆಲ್ಲ ಅಲ್ಲೇ ಬಿಟ್ಟು ಹೋದ, ರೋಡ್ಸ್‌ನೋರು ಅದನ್ನ ಮಾರಿ ಬಂದ ದುಡ್ಡಲ್ಲೇ ಆ ಪ್ರಪಂಚದ ಅದ್ಭುತ ಅಂತಾರಲ್ಲ ಸೂರ್ಯದೇವರ ಪ್ರತಿಮೆ, ಅದನ್ನ ಕಟ್ಸಿದ್ದು. ಬೈಬಲ್ಲಲ್ಲೂ ಎಫೆಸ ಪಟ್ಟಣದ ಅಕ್ಕಸಾಲಿಗ ದೇಮೇತ್ರಿಯ ಬರ್ತಾನೆ, ಅರ್ತೆಮಿ ದೇವಿಯ ಬೆಳ್ಳಿ ಗುಡಿ ಮಾಡಿ ಮಾರ್ತಿದ್ದೋನು, ಕ್ರೈಸ್ತ ಧರ್ಮ ಸಾರ್ತಿದ್ದ ಪೌಲನ ಪ್ರಚಾರದಿಂದ ವ್ಯಾಪಾರ ಹೋಗತ್ತೆ ಅಂತ ಊರನ್ನೇ ಎಬ್ಬಿಸಿದ. ಅಂದ್ರೆ ಎಲ್ಲಾರೂ ಇಟ್ಕೊಳೋ ಹೆಸರದು. ಸಂತನ ಅಪ್ಪ-ಅಮ್ಮನೂ ಇಟ್ರು, ಅಷ್ಟೇ.

ಸುಮ್ನೆ_ಓದೋಳು: ನಾನು ಉತ್ತರ ಗ್ರೀಸಿನ ಥೆಸಲೋನಿಕಿಲಿ ಓದ್ತಿದ್ದೆ, ಆ ಸಂತ ಅಲ್ಲಿಯವ್ನೇ. ನಾಲ್ಕನೇ ಶತಮಾನದ ಶುರುವಿನಲ್ಲಿ ರೋಮನ್ನರು ಈಟಿಯಿಂದ ಚುಚ್ಚಿ ಕೊಂದ್ರು ಅಂತ ಕಥೆ. ಸಮಾಧಿಯಿಂದ ಸುಗಂಧ ತೈಲ ಒಸರ್ತಿತ್ತು ಅಂತ ನಂಬಿಕೆ. ಅವನ ಚರ್ಚು ಒಳಗೆ ಕಂಬಸಾಲುಗಳಿಂದ ಐದು ಭಾಗ ಆಗಿರೋ ದೊಡ್ಡ ಕಟ್ಟಡ, ಒಟ್ಟೋಮನ್ ತುರ್ಕರ ಕಾಲದಲ್ಲಿ ಮಸೀದಿ ಆಯ್ತು, 1917ರ ಬೆಂಕೀಲಿ ಊರ ಜೊತೆ ಇದೂ ಸುಟ್ಟೋಯ್ತು, ರಿಪೇರಿ ಮಾಡಿ 1949ರಲ್ಲಿ ಮತ್ತೆ ತೆರೆದ್ರು. ಇನ್ನೊಂದು, 1912ರಲ್ಲಿ ಗ್ರೀಕ್ ಸೈನ್ಯ ಊರನ್ನ ತುರ್ಕರಿಂದ ತಗೊಂಡಿದ್ದು ಅವರ ಹಳೇ ಕ್ಯಾಲೆಂಡರಿನ ಅಕ್ಟೋಬರ್ 26ಕ್ಕೇ. ಇನ್ನು ಆ ಊರಲ್ಲಿ ದಿಮಿತ್ರಿಸ್‌ಗೆ ಬರ ಬರತ್ತಾ ಹೇಳಿ!

ಹುಬ್ಳಿ_ಗಾಳಿ: ಅಲ್ರೀ, ಅರ್ಥ ನೋಡಿ ಹೆಸರಿಡೋರು ಯಾರ್ ಅದಾರ? ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗಗ ಇಡ್ತಾರ, ಅಲ್ಲೂ ಹಂಗ ಅಂತ ಕೇಳೀನಿ.

ಸುಮ್ನೆ_ಓದೋಳು: ಕರೆಕ್ಟ್. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಹಂಗಾಗಿ ನಾಲ್ಕು ಜನ ಅಣ್ಣತಮ್ಮಂದಿರಿದ್ರೆ ನಾಲ್ಕು ಮನೇಲೂ ಒಂದೊಂದು ದಿಮಿತ್ರಿಸ್. ಅದಕ್ಕೇ ಒಬ್ಬ ಮಿತ್ಸೋಸ್, ಒಬ್ಬ ಮಿಮಿಸ್, ಒಬ್ಬ ತಾಕಿಸ್, ಅಮೆರಿಕಕ್ಕೆ ಹೋದೋನು ಜಿಮ್ಮಿ. ಮತ್ತೆ ಗಿರಿಗಿಟ್ಲೆ, ಎದುರಿಗೆ ಕರೆಯೋವಾಗ ಕೊನೇ ‘ಸ್’ ಬಿಟ್ಟು ‘ದಿಮಿತ್ರಿ’ ಅನ್ನಿ, ಅವ್ರ ವ್ಯಾಕರಣದ ಸಂಬೋಧನೆ ಹಂಗೆ.

ಕಾಡುಮಲ್ಲಿ: ಎಲ್ಲಾ ಅಜ್ಜನ ತಲೆಗೆ ಕಟ್ಟಿಬಿಟ್ರಿ, ಆದ್ರೆ ದೇವಿ ಅಷ್ಟು ಸುಲಭಕ್ಕೆ ಹೋಗಿರ್ಲಿಲ್ಲ. ಅಥೆನ್ಸ್ ಹತ್ರ ಎಲ್ಯೂಸಿಸ್ ಅಂತ ಊರು, ದಿಮೀಟರ್‌ಳ ಮುಖ್ಯ ಕ್ಷೇತ್ರ. ಅಲ್ಲಿ ಒಂದು ಹಳೇ ಕಲ್ಲಿನ ಹೆಂಗಸಿನ ಮೂರ್ತಿನ ಹಳ್ಳಿ ಜನ, ಎಲ್ಲಾ ಕ್ರೈಸ್ತರೇ, ಬೆಳೆ ಕಾಯೋಳು ಅಂತ ನಂಬಿ ಸುತ್ತಾ ಗೊಬ್ಬರ ಗುಡ್ಡೆ ಹಾಕ್ತಿದ್ರು, ಕುತ್ತಿಗೆವರೆಗೂ ಗೊಬ್ಬರ! 1801ರಲ್ಲಿ ಕ್ಲಾರ್ಕ್ ಅಂತ ಒಬ್ಬ ಇಂಗ್ಲಿಷ್‌ನೋನು ತುರ್ಕಿ ಅಧಿಕಾರಿಯಿಂದ ಪರ್ಮಿಷನ್ ತಗೊಂಡು ಅದನ್ನ ಕಿತ್ಕೊಂಡು ಹೋದ. ಸಾಗಿಸ್ತಿದ್ದ ಹಡಗು ಇಂಗ್ಲೆಂಡ್ ತೀರದಲ್ಲಿ ಮುಳುಗಿತು, ಮೂರ್ತಿ ಮಾತ್ರ ಸಿಕ್ತು, ಈಗ್ಲೂ ಕೇಂಬ್ರಿಡ್ಜ್ ಮ್ಯೂಸಿಯಮ್ಮಲ್ಲಿದೆ. ಹೇಳಿ, ಇದು ಅಜ್ಜನ ಭಕ್ತೀನಾ?

ಹಳೇಬೇರು: ಮೂರ್ತಿ ಕಥೆ ನಿಜ, ಆದ್ರೆ ಅದು ದಿಮೀಟರ್ ಅಲ್ವಲ್ಲ. ದೇವಸ್ಥಾನದ ಬಾಗಿಲ ಹತ್ರ ತಲೆ ಮೇಲೆ ಪವಿತ್ರ ಪೆಟ್ಟಿಗೆ ಹೊತ್ತು ಕಂಬದ ಥರ ನಿಂತಿದ್ದ ಹೆಂಗಸು. ಕ್ಲಾರ್ಕೇ ತಪ್ಪಾಗಿ ದೇವಿ ಅನ್ಕೊಂಡಿದ್ದ.

ಕಾಡುಮಲ್ಲಿ: ಗೊಬ್ಬರ ಹಾಕೋ ರೈತನಿಗೆ ಅದು ಕಂಬನಾ ದೇವಿನಾ ಅಂತ ಏನಾಗ್ಬೇಕು? ಬೆಳೆ ಬಂದ್ರೆ ಆಯ್ತು.

ವೇದಮೂಲ_77: ಮಿತ್ರ ಬೇಡ ಅಂದ್ರಿ, ಸರಿ. ಭಾರತಕ್ಕೂ ಈ ಹೆಸರಿಗೂ ಸಂಬಂಧನೇ ಇಲ್ವಾ? ಕಳಿಂಗದ ರಾಜ ಖಾರವೇಲನ ಶಾಸನದಲ್ಲಿ ಯವನರಾಜ, ಅಂದ್ರೆ ಗ್ರೀಕ್ ರಾಜ, ‘ಡಿಮಿತ’ ಅಂತಿದೆ.

ಹಳೇಬೇರು: ಆ ಅಕ್ಷರಗಳು ಸವೆದು ಹೋಗಿವೆ ಸಾರ್, ‘ಡಿಮಿತ’ ಅನ್ನೋ ಓದನ್ನ ಸುಮಾರು ವಿದ್ವಾಂಸರು ಒಪ್ಪಲ್ಲ. ಅದ್ರ ಬದ್ಲು ನಾಣ್ಯ ನೋಡಿ. ಬ್ಯಾಕ್ಟ್ರಿಯಾದ (ಈಗಿನ ಅಫ್ಘಾನಿಸ್ತಾನದ ಕಡೆ) ಗ್ರೀಕ್ ರಾಜ ದಿಮಿತ್ರಿಯೋಸ್, ಕ್ರಿ.ಪೂ. ಎರಡನೇ ಶತಮಾನದ ಶುರು, ಹಿಂದೂಕುಷ್ ದಾಟಿ ಈ ಕಡೆ ಬಂದೋನು. ಬೆಳ್ಳಿ ನಾಣ್ಯದಲ್ಲಿ ಟೋಪಿ ಥರ ಆನೆ ತಲೆ ಚರ್ಮ ಹಾಕಿದಾನೆ, ಸೊಂಡಿಲು ಹಣೆ ಮೇಲೆ ಮೇಲಕ್ಕೆ ಎದ್ದಿರತ್ತೆ, ದಂತನೂ ಕಾಣತ್ತೆ. ಸಂಬಂಧ ಬೇಕು ಅಂದ್ರೆ ಇದು ಗಟ್ಟಿ.

ವೇದಮೂಲ_77: ಆನೆ ನಮ್ದೇ ಅಲ್ವಾ ಮತ್ತೆ.

ಹುಬ್ಳಿ_ಗಾಳಿ: ಇವ್ರು ಬಿಡೂದಿಲ್ಲ ನೋಡ್ರಿ 😄

ಗಿರಿಗಿಟ್ಲೆ: ನನ್ ಪ್ರಶ್ನೆ ಅಲ್ಲೇ ಉಳೀತು. ಚರ್ಚ್ ಯಾಕೆ ಬದಲಾಯಿಸ್ಲಿಲ್ಲ?

ಸುಮ್ನೆ_ಓದೋಳು: ಬದಲಾಯಿಸೋ ಅಗತ್ಯ ಬೀಳ್ಲಿಲ್ಲ. ಆ ಹೆಸರಲ್ಲಿ ಒಬ್ಬ ಸತ್ತು ಸಂತ ಆದ್ರೆ ಮುಗೀತು, ಆಮೇಲೆ ಅದು ಅವನ ಹೆಸರು. ದಿಯೊನಿಸಿಯೋಸ್ ನೋಡಿ, ಹೆಂಡದ ದೇವರಿಂದ ಬಂದಿದ್ದು, ಝಾಕಿಂಥೋಸ್ ದ್ವೀಪದ ಪೋಷಕ ಸಂತನ ಹೆಸರೇ ಅದು. ಇಸಿದೋರೋಸ್ ಅಂದ್ರೆ ಈಜಿಪ್ಟಿನ ಐಸಿಸ್ ದೇವಿ ಕೊಟ್ಟ ವರ, ಆ ಹೆಸರಲ್ಲೂ ಸಂತರಿದಾರೆ.

ಕಾಡುಮಲ್ಲಿ: ಅವನ ಹೆಸರು ಆಯ್ತು ಸರಿ, ಆದ್ರೆ ಹಬ್ಬದ ದಿನ ನೋಡಿ. ಅಕ್ಟೋಬರ್ ಕೊನೆ, ಆ ವರ್ಷದ ಹೊಸ ವೈನಿನ ಪೀಪಾಯಿ ತೆರೆಯೋ ಟೈಮು, ಕುರುಬರು ಬೆಟ್ಟದಿಂದ ಕುರಿ ಇಳಿಸೋ ಟೈಮು. ತುರ್ಕರ ಕಾಲದಲ್ಲಿ ಏಪ್ರಿಲ್‌ನ ಸಂತ ಜಾರ್ಜ್ ದಿನಕ್ಕೆ ಬೇಸಿಗೆ ಶುರು, ಈ ದಿನಕ್ಕೆ ಚಳಿಗಾಲ ಶುರು ಅಂತ ಲೆಕ್ಕ, ಕೂಲಿ ಒಪ್ಪಂದ ಎಲ್ಲಾ ಅದ್ರ ಮೇಲೇ. ಈಟಿ ಹಿಡ್ಕೊಂಡ ಸೈನಿಕ ಸಂತನಿಗೆ ಈ ರೈತರ ಕೆಲಸ ಎಲ್ಲಿಂದ ಗಂಟು ಬಿತ್ತು?

ಹಳೇಬೇರು: ಕ್ಯಾಲೆಂಡರಿಂದ. ಅಕ್ಟೋಬರ್‌ನಲ್ಲಿ ಯಾವ ಸಂತ ಇದ್ದಿದ್ರೂ ಆ ಕೆಲಸ ಅವನ ತಲೆಗೇ ಬರ್ತಿತ್ತು.

ಕಾಡುಮಲ್ಲಿ: ನೀವು ಹಂಗಂತೀರಿ, ನಾನು ಒಪ್ಪಲ್ಲ.