ಲಕ್ಷದ್ವೀಪದ ಹವಳದ ಗೋಡೆ: ಇಳಿದವರು ಅನುಭವ ಹೇಳಿ

ಕುಂಬಳೆಯಿಂದ: ಸ್ಕೂಬಾ ಡೈವಿಂಗ್‌ನ ಮೊದಲ ಕೋರ್ಸ್, ಓಪನ್ ವಾಟರ್, ಆಗಿದೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿದ್ದೇನೆ. ಈಗ ಲಕ್ಷದ್ವೀಪದಲ್ಲಿ ಹವಳದ ದಿಬ್ಬ ಮುಗಿದು ನೇರ ಕೆಳಗೆ ಇಳಿಯುತ್ತದಲ್ಲ, ಆ ಗೋಡೆ ನೋಡುವ ಆಸೆ. ಮುಂದಿನ ಕೋರ್ಸ್, ಅಡ್ವಾನ್ಸ್ಡ್, ಮೊದಲು ಮಾಡಲೇಬೇಕಾ? ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ಕೈಗೆ ಕಟ್ಟಿಕೊಳ್ಳುತ್ತಾರಲ್ಲ, ಅದು ಬಾಡಿಗೆಯದು ಸಾಕಾ?

ಮಂಜೇಶ್ವರದಿಂದ: ಕಂಪ್ಯೂಟರ್ ಸ್ವಂತದ್ದೇ ತಗೊಳ್ಳಿ. ನಾನು 28,500 ಕೊಟ್ಟೆ. ಸ್ಟ್ರಾಪ್ ಬೇರೆ 1,400, ಬ್ಯಾಟರಿ ಹಾಕಿಸಲು ಕೊರಿಯರ್ ಸೇರಿ 2,100. ಮನೆಯಲ್ಲಿ ದೊಡ್ಡ ಜಗಳವೇ ಆಯ್ತು. ಆದರೂ ಸರಿಯಾದದ್ದನ್ನೇ ಮಾಡಿದೆ. ನೇತ್ರಾಣಿಯಲ್ಲಿ ಕೆಳಗೆ ನೆಲ ಕಾಣುತ್ತದೆ. ಗೋಡೆಯ ಪಕ್ಕದಲ್ಲಿ ಕಾಲ ಕೆಳಗೆ ಬರೀ ನೀಲಿ. ಬೀಸಣಿಗೆ ಹವಳದ ಎಳೆಗಳ ನಡುವೆ ಒಂದು ಸಣ್ಣ ಸೀಗಡಿ ಅಡಗಿತ್ತು, ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಸೆಳೆತ ಕೆಳಗೆ ಎಳೆದಿದೆ. 22 ಮೀಟರ್ ಇದ್ದದ್ದು 27! ಕೈಯಲ್ಲಿ ಬೀಪ್ ಆಗಿದ್ದಕ್ಕೇ ಗೊತ್ತಾದದ್ದು. 30 ಮೀಟರ್‌ನಲ್ಲಿ ಒತ್ತಡ ನೀರಿನ ಮೇಲೆ ಇರುವುದರ ನಾಲ್ಕು ಪಟ್ಟು, ಸಿಲಿಂಡರ್ ಗಾಳಿಯೂ ನಾಲ್ಕು ಪಟ್ಟು ಬೇಗ ಖಾಲಿ.

ಉಪ್ಪಳದಿಂದ: ಸುಮ್ನೆ ಹೆದರಿಸಬೇಡಿ ಮಾರಾಯ್ರೆ. ನಾನು ಫುಜೈರಾದಲ್ಲಿ ಕೆಲಸ ಮಾಡುತ್ತಾ ಕಲಿತವನು. ಈಜಿಪ್ಟಿನಲ್ಲಿ ಕೆಂಪು ಸಮುದ್ರದ ರಾಸ್ ಮೊಹಮ್ಮದ್ ಗೋಡೆಗೆ ಓಪನ್ ವಾಟರ್‌ನಲ್ಲೇ ಇಳಿದೆ. ಗೈಡ್ ಒಳ್ಳೆಯವನಾದರೆ ಅಡ್ವಾನ್ಸ್ಡ್ ದುಡ್ಡು ದಂಡ.

ಮಂಜೇಶ್ವರದಿಂದ: ಓಪನ್ ವಾಟರ್‌ಗೆ 18 ಮೀಟರ್ ಮಿತಿ, ಅಡ್ವಾನ್ಸ್ಡ್‌ಗೆ 30. ಅದನ್ನು ದಾಟಿ ಹೋದದ್ದನ್ನು ಇಲ್ಲಿ ಹೆಮ್ಮೆಯಿಂದ ಬರೆಯಬೇಡಿ. 30ರ ಹತ್ತಿರ ಸಾರಜನಕದ ಅಮಲು ಏರಬಹುದು, ಅಂದರೆ ಒತ್ತಡದಲ್ಲಿ ಉಸಿರಾಡಿದ ಸಾರಜನಕದಿಂದ ತಲೆ ಮಂಕಾಗುವುದು. ಆಗ ಗೈಡ್ ಸನ್ನೆ ಮಾಡಿದರೂ ತಲೆಗೆ ಹೋಗುವುದಿಲ್ಲ.

ಉಪ್ಪಳದಿಂದ: 18 ದಾಟಿದೆ ಅಂತ ನಾನು ಎಲ್ಲಿ ಬರೆದೆ? ಗೋಡೆ 5 ಮೀಟರ್‌ನಿಂದಲೇ ಶುರು. ಚಂದದ ಹವಳ ಎಲ್ಲ ಮೇಲೆಯೇ ಇರೋದು, ಕೆಳಗೆ ಕೆಂಪು ಬಣ್ಣವೇ ಕಾಣಲ್ಲ. ಮೊದಲು ಸರಿಯಾಗಿ ಓದಿ.

ಬದಿಯಡ್ಕದಿಂದ: ನೀವಿಬ್ಬರೂ ಕಿವಿ ವಿಷಯ ಯಾಕೆ ಹೇಳಲ್ಲ? ಕೊಚ್ಚಿಗೆ ರೈಲು, ಅಲ್ಲಿಂದ ಲಕ್ಷದ್ವೀಪದ ಅಗತ್ತಿಗೆ ವಿಮಾನ, ಪರ್ಮಿಟ್, ರೂಮು, ಡೈವ್‌ಗೆ ಮುಂಗಡ ಎಲ್ಲ ಸೇರಿ 61,000 ದಾಟಿತು. ರೈಲಿನ ಎಸಿಯಲ್ಲಿ ಶೀತ ಹಿಡಿಯಿತು. 4 ಮೀಟರ್‌ನಲ್ಲೇ ಎಡಗಿವಿಗೆ ಸೂಜಿ ಚುಚ್ಚಿದ ಹಾಗೆ. ಮೂಗು ಹಿಡಿದು ಊದಿದರೂ ಕಿವಿ ಬಿಡಲಿಲ್ಲ, ಮೇಲೆ ಬಂದೆ. ಡೈವ್ ಸೆಂಟರ್‌ನವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಊರಿಗೆ ಬಂದ ಮೇಲೆ ಕಿವಿ ಡಾಕ್ಟರ್‌ಗೆ 600, ಔಷಧಿಗೆ 1,350. ಉಳಿದವರು ದೋಣಿಗೆ ಬಂದು ಆಮೆ ನೋಡಿದ ಕತೆ ಹೇಳುವಾಗ ಅಳು ಬಂತು. ಈಗಲೂ ಹೊಟ್ಟೆ ಉರಿಯುತ್ತದೆ.

ಉಪ್ಪಳದಿಂದ: ಅಕ್ಕ, ಅಷ್ಟು ದುಡ್ಡಿಗೆ ಇನ್ನು ಸ್ವಲ್ಪ ಸೇರಿಸಿದ್ದರೆ ಕೆಂಪು ಸಮುದ್ರಕ್ಕೇ ಹೋಗಬಹುದಿತ್ತು. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಬಿಳುಚಿ ಸತ್ತಿದೆ. ಏನು ನೋಡೋದು ಅಲ್ಲಿ?

ಬದಿಯಡ್ಕದಿಂದ: ಸತ್ತಿದೆ ಅಂತ ಹೇಳಬೇಡಿ ಅಣ್ಣ, ನೀವು ಅಲ್ಲಿ ಇಳಿದೇ ಇಲ್ಲ. ಸಮುದ್ರ ಬಿಸಿಯಾಗಿ ಬಿಳುಚಿದ್ದು ನಿಜ, ತುಂಬಾ ಸತ್ತದ್ದೂ ನಿಜ. ಆದರೆ ಮತ್ತೆ ಚಿಗುರುವ ಹವಳವೂ ಇದೆ. ದ್ವೀಪದವರ ಮನೆ, ತೆಂಗು, ಕುಡಿಯುವ ನೀರು ಎಲ್ಲ ಆ ದಿಬ್ಬ ಅಲೆ ತಡೆಯುವುದರಿಂದಲೇ ಉಳಿದಿದೆ. ನಮ್ಮ ಪಕ್ಕದ ಕಡಲು ಅದು.

ಮಂಜೇಶ್ವರದಿಂದ: ಅಕ್ಕ ಹೇಳಿದ್ದು ಸರಿ. ಕುಂಬಳೆಯವರೇ, ವಾಪಸ್ ವಿಮಾನವಾದರೆ ಕೊನೆಯ ಡೈವ್ ಆಗಿ 18 ಗಂಟೆಯಾದರೂ ಬಿಡಿ, ಇಲ್ಲದಿದ್ದರೆ ಮೈಯಲ್ಲಿ ಉಳಿದ ಸಾರಜನಕ ಮೇಲೆ ಹೋದಾಗ ಗುಳ್ಳೆಯಾಗಬಹುದು. ಬೆಳಿಗ್ಗೆ ಡೈವ್, ಮಧ್ಯಾಹ್ನ ವಿಮಾನ ಅಂತ ಯಾರಾದರೂ ಪ್ಯಾಕೇಜ್ ಹೇಳಿದರೆ ಅವರ ಹತ್ತಿರ ಹೋಗಲೇಬೇಡಿ.

ಉಪ್ಪಳದಿಂದ: ಹಡಗಲ್ಲಿ ಬಂದರೆ ಆ ತಲೆಬಿಸಿಯೇ ಇಲ್ಲ.

ಬದಿಯಡ್ಕದಿಂದ: ಹಡಗಿನ ಟಿಕೆಟ್ ನೀವು ಮಾಡಿಸಿ ಕೊಡ್ತೀರಾ?