‘ವೊಲ್ವೆರ್’: ಮರಳಿಯೋ, ತಿರುಗಿಯೋ?

ಬಳಗದವರಿಗೆ ನಮಸ್ಕಾರ.

2006ರಲ್ಲಿ ತೆರೆಕಂಡ ಸ್ಪೇನಿನ ಕಥಾಚಿತ್ರಗಳ ಪಟ್ಟಿಯೊಂದನ್ನು ಕನ್ನಡದಲ್ಲಿ ಮಾಡುತ್ತಿದ್ದೇನೆ. ಪ್ರತಿ ಹೆಸರಿನ ಪಕ್ಕ ಕನ್ನಡದ ಅರ್ಥ ಕೊಡಬೇಕು. ಸೆಪ್ಟೆಂಬರಿನ ‘ಅಲಾತ್ರಿಸ್ತೆ’ ಒಬ್ಬ ಸೈನಿಕನ ಹೆಸರು, ತಂಟೆಯಿಲ್ಲ. ಅಕ್ಟೋಬರಿನಲ್ಲಿ ಬಂದ, ಮೆಕ್ಸಿಕೊದವರ ಜತೆ ಸೇರಿ ಮಾಡಿದ ‘ಎಲ್ ಲಾಬೆರಿಂತೊ ದೆಲ್ ಫೌನೊ’ಗೆ ‘ಫೌನನ ಚಕ್ರವ್ಯೂಹ’ ಎಂದು ಬರೆದು ಮುಂದೆ ಹೋದೆ. ಅಭಿಮನ್ಯು ನೆನಪಾದರೆ ಆಗಲಿ. (ಫೌನ ಎಂದರೆ ಅರ್ಧ ಮೇಕೆ, ಅರ್ಧ ಮನುಷ್ಯನಾದ ಕಾಡಿನ ದೇವತೆ. ಇಂಗ್ಲಿಷಿನವರು ಚಿತ್ರದ ಹೆಸರಿನಲ್ಲಿ ರೋಮನ್ನರ ಫೌನನನ್ನು ಗ್ರೀಕರ ಪ್ಯಾನ್ ಮಾಡಿಬಿಟ್ಟರು, ಅದಕ್ಕಿಂತ ಇದು ವಾಸಿ.)

ಸಿಕ್ಕಿಬಿದ್ದದ್ದು ಮಾರ್ಚಿನಲ್ಲಿ ಬಂದ, ನಿರ್ದೇಶಕ ಪೆದ್ರೊ ಆಲ್ಮೊದೊವಾರ್ ಅವರ ‘ವೊಲ್ವೆರ್’ನಲ್ಲಿ. ಉಚ್ಚಾರ ‘ಬೊಲ್ವೆರ್’ಗೆ ಹತ್ತಿರ. ನೋಡಿದವರು ವೋಲ್ವೋ ಬಸ್ಸೇ ಎಂದು ಕೇಳಿದರೆ ನಗಬೇಡಿ, ಎರಡಕ್ಕೂ ಲ್ಯಾಟಿನ್ ಬೇರು ಒಂದೇ.

ಸ್ಪ್ಯಾನಿಷಿನಲ್ಲಿ ‘ವೊಲ್ವೆರ್ ಆ ಕಾಸಾ’ ಎಂದರೆ ಮನೆಗೆ ಮರಳು. ‘ವೊಲ್ವೆರ್ ಆ ಕಾಂತಾರ್’ ಎಂದರೆ ಮತ್ತೆ ಹಾಡು. ‘ವೊಲ್ವೆರ್ಸೆ ಲೋಕೊ’ ಎಂದರೆ ಹುಚ್ಚು ಹಿಡಿ. ಚಿತ್ರದಲ್ಲಿ ಮೂರೂ ಇವೆ. ಲಾ ಮಾಂಚಾದ ಸ್ಮಶಾನದಲ್ಲಿ ಬೀಸುವ ಗಾಳಿಗೆ ಎದುರಾಗಿ ಹೆಂಗಸರು ಗೋರಿಕಲ್ಲು ತಿಕ್ಕಿ ತೊಳೆಯುವುದರಿಂದ ಕಥೆ ಶುರು. ಆ ಗಾಳಿಯೇ ಜನರ ತಲೆ ಕೆಡಿಸುವುದು ಎಂದು ಊರಿನವರ ನಂಬಿಕೆ. ಬೆಂಕಿಯಲ್ಲಿ ಸತ್ತಳೆಂದುಕೊಂಡ ತಾಯಿ (ಕಾರ್ಮೆನ್ ಮೌರಾ) ದೆವ್ವದಂತೆ ಬಂದು ಮಗಳ ಕಾರಿನ ಡಿಕ್ಕಿಯಿಂದ ಇಳಿಯುತ್ತಾಳೆ. ಇನ್ನೊಬ್ಬ ಮಗಳು (ಪೆನೆಲೊಪೆ ಕ್ರೂಸ್) ಎಷ್ಟೋ ಕಾಲದ ಮೇಲೆ ‘ವೊಲ್ವೆರ್’ ಎಂಬ ಹಳೆಯ ಟ್ಯಾಂಗೋ ಹಾಡುವಾಗ, ಅಮ್ಮ ಕಾರಿನೊಳಗೆ ಅಡಗಿ ಕೂತು ಕಣ್ಣೊರೆಸಿಕೊಳ್ಳುತ್ತಾಳೆ.

ನನ್ನ ಒಲವು ‘ಮರಳಿ’ಯ ಕಡೆ. ‘ಮರಳಿ ಊರಿಗೆ’ ಎನ್ನುವಾಗ ವಾಪಸು, ‘ಮರಳಿ ಯತ್ನವ ಮಾಡು’ ಎನ್ನುವಾಗ ಇನ್ನೊಮ್ಮೆ. ಮೊದಲ ಎರಡು ಅರ್ಥ ಅನಾಯಾಸವಾಗಿ ಬಂದವು. ಸತ್ತವರನ್ನು ‘ಮರಳಿ ಬಾರದ ಲೋಕ’ಕ್ಕೆ ಕಳಿಸುವವರು ನಾವು, ಇಲ್ಲಿ ಅಮ್ಮ ಅಲ್ಲಿಂದಲೇ ಬಂದಿದ್ದಾಳೆ. ಮೂರನೆಯದಕ್ಕೆ ಪಕ್ಕದಲ್ಲೇ ‘ಮರುಳು’ ಇದೆ. ಹಳಗನ್ನಡದಲ್ಲಿ ‘ಮರುಳ್’ ಎಂದರೆ ದೆವ್ವ ಕೂಡ! ‘ಮರಳಿ’, ‘ಮರುಳು’ ಎರಡೂ ಬೇರೆ ಬೇರೆ ಪದಗಳು, ಒಂದೇ ಬೇರಿನವು ಎಂದು ನಾನು ಹೇಳುತ್ತಿಲ್ಲ. ಆದರೂ ಕಿವಿಗೆ ಬಿದ್ದದ್ದನ್ನು ತಳ್ಳಿಹಾಕಲು ಮನಸ್ಸಿಲ್ಲ.

ಬರೀ ‘ಮರಳು’ ಎಂದಿಟ್ಟರೆ ಹೊಳೆದಂಡೆಯ ಲಾರಿಗಳ ಕಥೆ ಎಂದುಕೊಂಡಾರು.

ಸ್ನೇಹಿತರೊಬ್ಬರು ‘ತಿರುಗಿ’ ಎಂದು ಹಟ ಹಿಡಿದಿದ್ದಾರೆ. ಅವರ ವಾದವೂ ಗಟ್ಟಿಯೇ. ‘ಊರಿಗೆ ತಿರುಗಿ ಬಂದ’, ‘ಅದನ್ನೇ ತಿರುಗಿ ಹೇಳು’, ‘ನಿನಗೇನು ತಲೆ ತಿರುಗಿದೆಯಾ?’ ಮೂರೂ ಒಂದೇ ಧಾತುವಿನಲ್ಲಿ ಆಯಿತು, ಮರುಳಿನ ಸಾಲ ಬೇಕಿಲ್ಲ. ಆದರೆ ‘ತಿರುಗಿ’ ಎಂದಾಗ ನನಗೆ ಬೀದಿ ಅಲೆಯುವವರೂ ಕಾಣುತ್ತಾರೆ. ಹಾಡಿಗೆ ಕಣ್ಣೊರೆಸಿಕೊಂಡ ಆ ಅಮ್ಮ ಕಾಣುವುದಿಲ್ಲ.

ಇನ್ನೊಂದು ತೊಡಕು. ಸ್ಪ್ಯಾನಿಷಿನ ಹೆಸರು ಯಾರು, ಯಾವಾಗ ಎಂದು ಹೇಳದ ಕ್ರಿಯಾರೂಪ. ನಮ್ಮ ‘ಮರಳುವುದು’ ಸರ್ಕಾರಿ ಸುತ್ತೋಲೆಯಂತಿದೆ, ‘ಮರಳಿ’ ಎಂದರೆ ವಾಕ್ಯ ಅರ್ಧಕ್ಕೆ ನಿಂತಂತೆ. ಚಿತ್ರದ ಹೆಸರಾಗಿ ಹೀಗೆ ನಿಲ್ಲಿಸಬಹುದೇ? ನಿಮ್ಮ ಸೀಮೆಯಲ್ಲಿ ‘ತಿರುಗಿ’ ಎಂದರೆ ಮೊದಲು ಹೊಳೆಯುವುದು ‘ವಾಪಸು’ ಎಂಬ ಅರ್ಥವೋ, ‘ಇನ್ನೊಮ್ಮೆ’ ಎಂಬುದೋ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಬರೆಯಿರಿ.