ಹಳೇ ವಿಮಾನವನ್ನು ಮತ್ತೆ ಹಾರಿಸುವ ಕೆಲಸಕ್ಕೆ ಏನನ್ನೋಣ?

ಗೆಳೆಯರೇ,

ಬಂಗಾರಪೇಟೆಯ ನಮ್ಮ ಶಾಲೆಯ ಗೋಡೆಪತ್ರಿಕೆಗೆ ಲಿಬರೇಟರ್ ಬಾಂಬರ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧದ ಈ ವಿಮಾನಗಳಿಗೆ ಬೆಂಗಳೂರಿನಲ್ಲಿ ಮರುಜೀವ ಬಂದ ಕತೆ ಅದು. ಬರಹ ಒಂದು ಪದದ ಹತ್ತಿರ ನಿಂತುಬಿಟ್ಟಿದೆ. ಕೆಟ್ಟು ನಿಂತ ಸೇನಾ ವಿಮಾನವನ್ನು ಮತ್ತೆ ಹಾರುವಂತೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು?

ದುರಸ್ತಿ ಅನ್ನೋಣವೆಂದರೆ ಅದು ಚಿಕ್ಕದಾಯಿತು. ನಲ್ಲಿ ಸೋರಿದರೂ ದುರಸ್ತಿಯೇ. ಪುನಶ್ಚೇತನ ಅಂದರೆ ನಮ್ಮಂಥ ಮೇಷ್ಟ್ರುಗಳಿಗೆ ಬೇಸಿಗೆ ರಜೆಯ ತರಬೇತಿ ನೆನಪಾಗುತ್ತದೆ. ಜೀರ್ಣೋದ್ಧಾರ ಗುಡಿಗೆ, ಕೆರೆಗೆ ಚೆನ್ನ. ಆದರೆ ಗುಡಿ ನಿಂತಲ್ಲೇ ನಿಂತಿರುತ್ತದೆ ಅಲ್ವಾ? ಮ್ಯೂಸಿಯಂನಲ್ಲಿ ಇಡುವ ವಿಮಾನಕ್ಕೆ ಈ ಪದ ಸಾಕು. ಅದರ ರೆಕ್ಕೆಯೊಳಗೆ ಒಂದು ಸಣ್ಣ ಬಿರುಕು ಉಳಿದರೂ ನಡೆಯುತ್ತದೆ. ಹಾರಬೇಕಾದರೆ ಮೊದಲು ಹುಡುಕಬೇಕಾದದ್ದು ಆ ಬಿರುಕನ್ನೇ.

ಲಿಬರೇಟರ್ ವಿಷಯದಲ್ಲಿ ತೊಡಕು ಇನ್ನೂ ಜಾಸ್ತಿ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ಇವನ್ನು ಕಾನ್ಪುರದಲ್ಲಿ ಬಿಟ್ಟು ಹೋಯಿತು. ಸುಮ್ನೆ ಬಿಡಲಿಲ್ಲ, ಯಾರೂ ಬಳಸದ ಹಾಗೆ ಹಾಳು ಮಾಡಿ ಬಿಟ್ಟರು. ಈಗಿನ ಎಚ್‌ಎಎಲ್ ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಅವರ ಜನ ಕಾನ್ಪುರಕ್ಕೆ ಹೋಗಿ, ವಿಮಾನಗಳನ್ನು ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ಸರಿ ಮಾಡಿದರು. ಟೆಸ್ಟ್ ಪೈಲಟ್ ಮುನ್ಷಿ ಅವನ್ನು ಹಾರಿಸಿಕೊಂಡು ಬಂದರು. ಆ ಧೈರ್ಯ ಯಾರಿಗೆ ಬರುತ್ತದೆ ಹೇಳಿ! ಪೂರಾ ಕೆಲಸ ಆದದ್ದು ಬೆಂಗಳೂರಿನಲ್ಲಿ. 1948ರ ನವೆಂಬರ್‌ನಲ್ಲಿ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾದದ್ದು ಈ ವಿಮಾನಗಳಿಂದಲೇ. 1968ರವರೆಗೂ ಸೇವೆಯಲ್ಲಿದ್ದವು. ಕೆಲವು ಆಮೇಲೆ ಹೊರದೇಶದ ಮ್ಯೂಸಿಯಂಗಳಿಗೆ ಹೋದವು. ಒಂದು ಅಮೆರಿಕ ಸೇರಿ, ಅಲ್ಲಿ ಇನ್ನೊಂದು ಸಲ ಬಿಚ್ಚಿಸಿಕೊಂಡು, 1989ರಲ್ಲಿ ಮತ್ತೆ ಹಾರಿತು.

ಅಂದರೆ ಇಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳಿವೆ. ನೋಡುವುದಕ್ಕೆ ಇಟ್ಟದ್ದು, ಒಂದು ಸಲ ಹೇಗೋ ಹಾರಿ ಬಂದದ್ದು, ದಿನವೂ ನಂಬಿ ಹತ್ತಬಹುದಾದದ್ದು. ಮೂರಕ್ಕೂ ಜೀರ್ಣೋದ್ಧಾರ ಅಂದರೆ ಮಕ್ಕಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ವಿಮಾನದ ಇಂಜಿನ್ ಕೆಲಸ ಮಾಡಿ ನಿವೃತ್ತರಾದವರು. ಕೇಳಿದೆ. “ಅದಕ್ಕೇನ್ ಮೇಷ್ಟ್ರೇ, ಓವರಾಲ್ ಅಂತಿದ್ವಿ. ಬಿಚ್ಚೋದು, ತೊಳೆಯೋದು, ನೋಡೋದು, ಕಟ್ಟೋದು” ಅಂದರು. ಇಂಜಿನ್‌ಗೆ ಇದು ಸರಿ. ಲಿಬರೇಟರಿನ ಒಂದೊಂದು ಇಂಜಿನ್‌ನಲ್ಲೂ 14 ಸಿಲಿಂಡರ್, ಅಂಥ ನಾಲ್ಕು ಇಂಜಿನ್. ಆದರೆ ಇಡೀ ವಿಮಾನಕ್ಕೆ? “ಎಫ್‌ಸಿ ಮಾಡಿಸೋದು ಅಂತ ಬರ್ಕೊಳ್ಳಿ” ಎಂದು ನಕ್ಕರು. ತಮಾಷೆಯಲ್ಲೂ ಹುರುಳಿದೆ. ಲಾರಿಯವರ ಬಾಯಲ್ಲಿ ಎಫ್‌ಸಿ ಅಂದರೆ ಗಾಡಿಯೂ ಸರಿ ಇರಬೇಕು, ಕಾಗದವೂ ಇರಬೇಕು. ವಿಮಾನಕ್ಕೂ ಅದೇ. ಹಾರಲು ಯೋಗ್ಯ ಎಂದು ಬರೆದುಕೊಡುವವರು ಒಬ್ಬರು ಬೇಕು.

ನನ್ನ ಒಲವು ‘ಹಾರುವ ಹದಕ್ಕೆ ತರುವುದು’ ಎಂಬುದರ ಕಡೆ. ಅರೆಹದ, ಪೂರಾ ಹದ ಎಂದೂ ಹೇಳಬಹುದು. ಹದ ಹೊಲಕ್ಕೆ, ಪಾಕಕ್ಕೆ ಮಾತ್ರ, ಯಂತ್ರಕ್ಕೆ ಹೊಂದುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರ ತಕರಾರು. ಕುಲುಮೆಯಲ್ಲಿ ಕಬ್ಬಿಣಕ್ಕೂ ಹದ ಇದೆಯಲ್ಲ ಎಂದು ನನ್ನ ವಾದ. ಅವರ ಮನೆಮಾತು ತೆಲುಗು. ಅದರಲ್ಲಿ ‘ಬಾಗು ಚೇಯಡಂ’ ಎಂದರೆ ರೋಗಿಗೂ ಆಯಿತು, ರೇಡಿಯೋಗೂ ಆಯಿತು. ನಮ್ಮಲ್ಲಿ ವಾಸಿಯಾಗುವುದು ಕಾಯಿಲೆ ಮಾತ್ರ.

ಅಂದಹಾಗೆ, ಮೇಲೆ ‘ಸೇನಾ ವಿಮಾನ’ ಅಂದೆ, ‘ಯುದ್ಧವಿಮಾನ’ ಎಂಬ ಪದವನ್ನು ಬೇಕೆಂದೇ ಬಿಟ್ಟೆ. 2018ರಲ್ಲಿ ಇಂಗ್ಲೆಂಡಿನಿಂದ ಹಾರಿ ಬಂದ ‘ಪರಶುರಾಮ’ ಡಕೋಟಾ ಕೂಡ ಇದೇ ಬರಹದಲ್ಲಿ ಬರುತ್ತದೆ. ಅದು ಜನ, ಸಾಮಾನು ಸಾಗಿಸುವ ವಿಮಾನ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಅಲ್ಯೂಮಿನಿಯಂಗೆ ಏನು? ಹಳೇ ವಿಮಾನದ ಮೈಯೆಲ್ಲ ಅದೇ ಲೋಹ. ಕೆಟ್ಟಾಗ ಬಿಳಿ ಪುಡಿ ಕಟ್ಟುತ್ತದೆ. ಕೆಲವೊಮ್ಮೆ ಪದರ ಪದರವಾಗಿ ಏಳುತ್ತದೆ. ತುಕ್ಕು ಅಂದರೆ ಮಕ್ಕಳು ಕೆಂಪು ಬಣ್ಣ ಊಹಿಸಿಕೊಳ್ಳುತ್ತಾರೆ. ಆ ಹಿರಿಯರು “ಪುಡಿ ಬಂದಿದೆ” ಅನ್ನುತ್ತಿದ್ದರಂತೆ, ಅಷ್ಟೇ. ಕಿಲುಬನ್ನೇ ಇದಕ್ಕೂ ಹಿಗ್ಗಿಸಬಹುದಾ? ಪಾತ್ರೆ ಅಂಗಡಿಯವರ ಬಳಿ ಬೇರೆ ಪದ ಇದೆಯಾ?

ತುಮಕೂರಿನ ಗೆಳೆಯರಿಗೆ ಒಂದು ಕೋರಿಕೆ. ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಯಿತಲ್ಲ, ಅಲ್ಲಿ ಕೆಲಸಕ್ಕೆ ಸೇರಿದ ಊರಿನ ಹುಡುಗರು ಮನೆಗೆ ಬಂದಾಗ ಈ ಎರಡಕ್ಕೂ ಏನನ್ನುತ್ತಾರೆ, ಸ್ವಲ್ಪ ಕೇಳಿ ತಿಳಿಸಿ. ಇಂಗ್ಲಿಷ್ ಪದವನ್ನೇ ತಿರುಚಿ ಹೇಳಿದರೂ ಪರವಾಗಿಲ್ಲ, ಹಾಗೆಯೇ ಬರೆದು ಕಳಿಸಿ.